ಫ್ಲೂ ಇಂಜೆಕ್ಷನ್: ‘ನಮಗೆ ಯಾರೂ ಹೇಳಲೇ ಇಲ್ಲ’

ಹೋದ ಸಂಚಿಕೆಯಲ್ಲಿ ಮಂಡಿನೋವಿನ ಪ್ರಶ್ನೆಯೊಂದಕ್ಕೆ ಉತ್ತರ ಬರೆಯುತ್ತಾ ಕೊನೆಗೆ ಒಂದು ಸಾಲು ಸೇರಿಸಿದ್ದೆ. ‘ಅರವತ್ತೈದು ದಾಟಿದವರು, ಶುಗರ್ ಇರುವವರು ಮಳೆಗಾಲಕ್ಕೆ ಮೊದಲು ಫ್ಲೂ ಲಸಿಕೆ ಹಾಕಿಸಿಕೊಂಡುಬಿಡಿ’ ಅಂತ. ಮಂಡಿನೋವಿನ ಬಗ್ಗೆ ಆಮೇಲೆ ಯಾರೂ ಕೇಳಲಿಲ್ಲ. ಆ ಒಂದು ಸಾಲಿನ ಬಗ್ಗೆ ಮಾತ್ರ ಪತ್ರದ ಮೇಲೆ ಪತ್ರ. ಜಾಸ್ತಿ ಜನ ಕೇಳಿರುವುದು ಒಂದೇ ಮಾತು: ದೊಡ್ಡವರಿಗೂ ಲಸಿಕೆ ಇದೆಯಾ? ಅದಕ್ಕೇ ಈ ಸಲ ಪೂರ್ತಿ ಜಾಗ ಇದಕ್ಕೇ ಕೊಡಿ ಅಂತ ಸಂಪಾದಕರನ್ನು ಕೇಳಿಕೊಂಡೆ.

ಪ್ರಶ್ನೆ: ಡಾಕ್ಟ್ರಮ್ಮ, ನಮ್ಮ ತಂದೆಗೆ 68. ಹನ್ನೆರಡು ವರ್ಷದಿಂದ ಶುಗರ್, ಬಿಪಿ ಎರಡೂ ಇದೆ. ನಿಮ್ಮ ಸಾಲು ಓದಿ ಹೇಳಿದೆ. ‘ನೆಗಡಿಗೆಲ್ಲ ಯಾರಾದ್ರೂ ಸೂಜಿ ಚುಚ್ಚಿಸ್ಕೋತಾರೇನಮ್ಮ? ಔಷಧಿ ತಗೊಂಡ್ರೆ ಒಂದು ವಾರ, ಬಿಟ್ರೆ ಏಳು ದಿನ’ ಅಂತ ನಕ್ಕುಬಿಟ್ಟರು. ಏನು ಹೇಳಲಿ? — ಓದುಗರು, ಹಾಸನ

ಉತ್ತರ: ನಿಮ್ಮ ತಂದೆಯವರ ಮಾತು ನೆಗಡಿಯ ಮಟ್ಟಿಗೆ ಸರಿ. ಫ್ಲೂ, ಅಂದರೆ ಇನ್‌ಫ್ಲುಯೆಂಜಾ, ನೆಗಡಿಯಲ್ಲ. ನಾವು ಮೂಗು ಸೋರಿದರೂ ಫ್ಲೂ ಅಂತೀವಿ, ಗಂಟಲು ಕೆರೆದರೂ ಫ್ಲೂ ಅಂತೀವಿ, ಅಲ್ಲೇ ಎಡವಟ್ಟಾಗಿರುವುದು. ನೆಗಡಿ ನಿಧಾನಕ್ಕೆ ಬರುತ್ತದೆ. ಫ್ಲೂ ಹಾಗಲ್ಲ, ಬೆಳಿಗ್ಗೆ ಚೆನ್ನಾಗಿ ತಿಂಡಿ ತಿಂದು ಹೋದವರು ಸಂಜೆ ಚಳಿಜ್ವರ ಬಂದು ಎರಡು ಕಂಬಳಿ ಹೊದ್ದು ಮಲಗಿರುತ್ತಾರೆ. ಮೈಕೈ ಬಡಿದು ಹಾಕಿದ ಹಾಗೆ ನೋವು. ಒಣ ಕೆಮ್ಮು. ಬಚ್ಚಲಿಗೆ ಹೋಗಿ ಬರುವುದಕ್ಕೂ ಗೋಡೆ ಹಿಡಿಯುವಷ್ಟು ಸುಸ್ತು. ಹರೆಯದವರು, ಆರೋಗ್ಯವಂತರು ಒಂದು ವಾರ ನರಳಿ ಎದ್ದು ಕೂರುತ್ತಾರೆ. ನಿಮ್ಮ ತಂದೆಯ ಥರದವರಿಗೆ ತೊಂದರೆ ಶುರುವಾಗುವುದು ಆಮೇಲೆ.

ಶುಗರ್ ಇರುವವರಿಗೆ ಜ್ವರ ಬಂದರೆ ಶುಗರ್ ಏರುತ್ತದೆ. ಏರಿದ ಶುಗರ್ ಮೈಯ ಹೋರಾಡುವ ಶಕ್ತಿಯನ್ನು ಇನ್ನಷ್ಟು ಇಳಿಸುತ್ತದೆ. ಅಷ್ಟರಲ್ಲಿ ವೈರಸ್ಸು ಶ್ವಾಸಕೋಶದ ಒಳಪದರವನ್ನು ಗಾಯ ಮಾಡಿರುತ್ತದೆ, ಆ ಗಾಯದಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡು ನ್ಯುಮೋನಿಯಾ ಆಗುತ್ತದೆ. ಹೃದಯದ ಕಥೆ ಬೇರೆಯೇ ಇದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಲ್ಯಾಬಿನಲ್ಲಿ ಫ್ಲೂ ಅಂತ ಖಚಿತವಾದವರ ದಾಖಲೆಗಳನ್ನು ತೆಗೆದು ನೋಡಿದರು. ಮೊದಲ 7 ದಿನಗಳಲ್ಲಿ ಹೃದಯಾಘಾತ ಆಗುವ ಸಾಧ್ಯತೆ ಬೇರೆ ದಿನಗಳಿಗಿಂತ 6 ಪಟ್ಟು ಜಾಸ್ತಿ ಇತ್ತು. 2018ರಲ್ಲಿ ಇದು ಪ್ರಕಟವಾಯಿತು. ‘ಜ್ವರ ಬಂದಿತ್ತು, ಹಾರ್ಟ್ ಅಟ್ಯಾಕ್ ಆಗಿಹೋಯ್ತು’ ಅಂತ ಊರಲ್ಲಿ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಸಾವಿನ ಕಾರಣದ ಜಾಗದಲ್ಲಿ ಹೃದಯಾಘಾತ ಅಂತಲೇ ಬರೆದಿರುತ್ತಾರೆ, ಫ್ಲೂ ಹೆಸರು ಎಲ್ಲೂ ಬರುವುದಿಲ್ಲ.

ನೀವು ಹಾಸನದವರು. 2023ರ ಮಾರ್ಚ್‌ನಲ್ಲಿ ನಿಮ್ಮ ಜಿಲ್ಲೆಯ ಸುದ್ದಿ ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು, ನೆನಪಿರಬಹುದು. ಎಚ್3ಎನ್2 ಅನ್ನುವ ಫ್ಲೂ ತಗುಲಿ 82 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರಿಗೂ ಶುಗರ್, ಬಿಪಿ ಇತ್ತು. ಹೊಸ ವೈರಸ್ ಬಂತು ಅಂತ ಆಗ ಎಲ್ಲರೂ ಗಾಬರಿಯಾದರು. ಎಚ್3ಎನ್2 ಹೊಸದೇನಲ್ಲ, 1968ರಿಂದ ನಮ್ಮ ನಡುವೆ ಓಡಾಡಿಕೊಂಡಿದೆ. ಪ್ರತಿ ವರ್ಷದ ಲಸಿಕೆಯಲ್ಲೂ ಅದರ ಪಾಲು ಇರುತ್ತದೆ.

ತಂದೆಗೆ ಇಷ್ಟು ಹೇಳಿ: ‘ಅಪ್ಪ, ಇದು ನೆಗಡಿ ನಿಲ್ಲಿಸೋ ಸೂಜಿ ಅಲ್ಲ. ಆಸ್ಪತ್ರೆಗೆ ಅಡ್ಮಿಟ್ ಆಗೋದನ್ನು ತಪ್ಪಿಸೋ ಸೂಜಿ.’ ಪೂರ್ತಿ ತಪ್ಪಿಸುತ್ತಾ ಅಂತ ಕೇಳಿದರೆ ಇಲ್ಲ ಅಂತಲೇ ಹೇಳಿ. ಆ ವರ್ಷ ಓಡಾಡುವ ವೈರಸ್ಸಿಗೂ ಲಸಿಕೆಗೂ ಸರಿಯಾಗಿ ಹೊಂದಿಕೆಯಾದರೆ, ಡಾಕ್ಟರ ಹತ್ತಿರ ಹೋಗಬೇಕಾಗಿ ಬರುವ ಸಾಧ್ಯತೆ ನೂರಕ್ಕೆ 40ರಿಂದ 60ರಷ್ಟು ಕಡಿಮೆಯಾಗುತ್ತದೆ. ವಯಸ್ಸಾದವರಲ್ಲಿ ಇನ್ನೂ ಸ್ವಲ್ಪ ಕಡಿಮೆ ಕೆಲಸ ಮಾಡಬಹುದು. ಹೆಲ್ಮೆಟ್ ಹಾಕಿಕೊಂಡರೂ ಗಾಡಿಯಿಂದ ಬೀಳುತ್ತೇವೆ, ಆದರೂ ಹಾಕಿಕೊಂಡೇ ಹೋಗುತ್ತೇವೆ ಅಲ್ವಾ?

ಪ್ರಶ್ನೆ: ನಾವು ಮೊಟ್ಟೆ ಮುಟ್ಟದವರು. ಈ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಮಾಡುತ್ತಾರಂತೆ. ನಿಜವೇ? — ಹಿರಿಯ ಓದುಗರು, ಮೈಸೂರು

ಉತ್ತರ: ನಿಜ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವೈರಸ್ಸು ಬೆಳೆಯಬೇಕಾದರೆ ಜೀವಕೋಶ ಬೇಕು. ಎಂಟು ದಶಕಗಳಿಂದ ಅದಕ್ಕೆ ಬಳಸುತ್ತಿರುವುದು ಮರಿಕಟ್ಟಿದ ಕೋಳಿಮೊಟ್ಟೆ. ಮೊಟ್ಟೆಯೊಳಗೆ ಬೆಳೆದ ವೈರಸ್ಸನ್ನು ಹೊರತೆಗೆದು, ರಾಸಾಯನಿಕದಿಂದ ಕೊಂದು, ಒಡೆದು, ಮತ್ತೆ ಮತ್ತೆ ಶುದ್ಧ ಮಾಡುತ್ತಾರೆ. ಕೊನೆಗೆ ಉಳಿಯುವ ಮೊಟ್ಟೆಯ ಅಂಶ ಲೆಕ್ಕಕ್ಕೂ ಸಿಗದಷ್ಟು ಅತ್ಯಲ್ಪ. ಮೊಟ್ಟೆ ಬಳಸದೆ ತಯಾರಿಸುವ ಫ್ಲೂ ಲಸಿಕೆಗಳೂ ಅಮೆರಿಕ, ಯುರೋಪಿನಲ್ಲಿ ಇವೆ. ನಮ್ಮ ಊರುಗಳ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೊಟ್ಟೆಯಲ್ಲಿ ಬೆಳೆಸಿದ್ದೇ.

ಹಾಕಿಸಿಕೊಳ್ಳಬೇಕೋ ಬೇಡವೋ ನಿಮ್ಮ ಮನಸ್ಸಿಗೆ ಬಿಟ್ಟದ್ದು. ನನ್ನ ಹತ್ತಿರ ಬರುವ ಕಟ್ಟುನಿಟ್ಟಿನ ಸಸ್ಯಾಹಾರಿಗಳಲ್ಲಿ ಅನೇಕರು ‘ಔಷಧಿ ಅಂತ ತಗೋತೀನಿ, ಊಟ ಅಂತ ಅಲ್ವಲ್ಲ’ ಅಂದು ರಟ್ಟೆ ಕೊಟ್ಟಿದ್ದಾರೆ. ಒಬ್ಬ ಅಜ್ಜಿ ಹಾಕಿಸಿಕೊಂಡ ದಿನ ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದರಂತೆ. ಮಾಡಲಿ, ಅದರಿಂದ ಲಸಿಕೆಗೇನೂ ಆಗುವುದಿಲ್ಲ. ಮೊಟ್ಟೆ ಅಲರ್ಜಿ ಇರುವವರ ವಿಷಯ ಬೇರೆ. ಅವರಿಗೂ ಕೊಡಬಹುದು ಅಂತ ಈಗ ಹೇಳುತ್ತಾರೆ, ಆದರೆ ಮೊದಲೇ ಡಾಕ್ಟರಿಗೆ ತಿಳಿಸಿ, ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಹಿಂದೆ ಇದೇ ಲಸಿಕೆಯಿಂದ ಉಸಿರು ಕಟ್ಟುವಂಥ ಅಲರ್ಜಿ ಆಗಿದ್ದವರು ಮಾತ್ರ ಮತ್ತೆ ತೆಗೆದುಕೊಳ್ಳಬಾರದು.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಎರಡು ವರ್ಷದ ಹಿಂದೆ ಫ್ಲೂ ಇಂಜೆಕ್ಷನ್ ತಗೊಂಡೆ, ಮಾರನೇ ದಿನವೇ ಜ್ವರ ಬಂತು. ವಾರ್ಡಿನಲ್ಲಿ ಅದು ಸುದ್ದಿಯಾಗಿ, ಆಮೇಲೆ ಒಬ್ಬರೂ ತಗೊಳ್ಳಲಿಲ್ಲ. ನಾನೂ ಮತ್ತೆ ತಗೊಂಡಿಲ್ಲ. ಲಸಿಕೆಯಿಂದಲೇ ಫ್ಲೂ ಬರುತ್ತಾ ಮೇಡಂ? — ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ಬರುವುದಿಲ್ಲ ಸಿಸ್ಟರ್. ಸೂಜಿಯಲ್ಲಿ ಕೊಡುವ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದೇ ಇಲ್ಲ, ಸತ್ತ ವೈರಸ್ಸಿನ ಚೂರುಗಳಿರುತ್ತವೆ. ಮಾರನೇ ದಿನದ ಜ್ವರ ನಿಮ್ಮ ಮೈ ಆ ಚೂರುಗಳನ್ನು ಗುರುತು ಹಿಡಿದು ಕೆಲಸ ಶುರು ಮಾಡಿದ್ದರ ಲಕ್ಷಣ. ರಟ್ಟೆ ನೋವು, ಮೈ ಬಿಸಿ, ಸ್ವಲ್ಪ ಮೈಕೈ ನೋವು ಒಂದೆರಡು ದಿನ ಇರುತ್ತದೆ, ಹೋಗುತ್ತದೆ. ಪ್ಯಾರಾಸಿಟಮಾಲ್ ಸಾಕು.

ಇನ್ನೊಂದು ಸಾಧ್ಯತೆಯೂ ಇದೆ. ಲಸಿಕೆ ರಕ್ಷಣೆ ಕೊಡುವುದಕ್ಕೆ ಎರಡು ವಾರ ಬೇಕು. ವಾರ್ಡಿನ ತುಂಬ ಕೆಮ್ಮುವ ರೋಗಿಗಳಿರುವಾಗ, ಗಾಬರಿಯಾಗಿ ಆಗ ಹಾಕಿಸಿಕೊಂಡರೆ, ಅಷ್ಟರೊಳಗೆ ನಿಜವಾದ ವೈರಸ್ಸೇ ಒಳಗೆ ಸೇರಿರಬಹುದು. ಆಗ ಅಪವಾದ ಮಾತ್ರ ಲಸಿಕೆಯ ತಲೆಗೆ ಬರುತ್ತದೆ.

ಗಂಭೀರ ಅಡ್ಡಪರಿಣಾಮ ಇಲ್ಲವೇ ಇಲ್ಲ ಅಂತ ನಿಮ್ಮಂಥವರ ಮುಂದೆ ನಾನು ಹೇಳಬಾರದು. ಗೀಯನ್ ಬಾರೆ ಅಂತ ನರಗಳ ಕಾಯಿಲೆ, ಜಿಬಿಎಸ್ ಅಂತೀವಲ್ಲ, ಅದು ಹತ್ತು ಲಕ್ಷ ಡೋಸಿಗೆ ಒಂದೆರಡು ಜಾಸ್ತಿ ಆಗಬಹುದು ಅನ್ನುವುದು ಲೆಕ್ಕ. ಈ ಹೆದರಿಕೆಗೆ ಒಂದು ಹಿನ್ನೆಲೆ ಇದೆ. 1976ರಲ್ಲಿ ಅಮೆರಿಕದಲ್ಲಿ ಹಂದಿ ಜ್ವರದ ಭಯಕ್ಕೆ ನಾಲ್ಕು ಕೋಟಿಗೂ ಹೆಚ್ಚು ಜನಕ್ಕೆ ಅವಸರದಲ್ಲಿ ಲಸಿಕೆ ಕೊಟ್ಟರು. ಆಗ ಒಂದು ಲಕ್ಷ ಜನಕ್ಕೆ ಒಂದರಂತೆ ಜಿಬಿಎಸ್ ಕಂಡಿತು, ಡಿಸೆಂಬರ್‌ನಲ್ಲಿ ಇಡೀ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಅಂದಿನಿಂದ ಪ್ರತಿ ವರ್ಷವೂ ಇದರ ಮೇಲೆ ಕಣ್ಣಿಟ್ಟಿದ್ದಾರೆ. ಅಂಥದ್ದು ಮತ್ತೆ ಆಗಿಲ್ಲ. ಫ್ಲೂ ಕಾಯಿಲೆಯಿಂದಲೇ ಜಿಬಿಎಸ್ ಬರುವ ಸಾಧ್ಯತೆ ಲಸಿಕೆಯಿಂದ ಬರುವುದಕ್ಕಿಂತ ಜಾಸ್ತಿ.

ನೀವು ತಗೊಳ್ಳಲೇಬೇಕು ಅಂತ ಒತ್ತಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಲಸಿಕೆ ಹಾಕಿಸಿಕೊಳ್ಳಬೇಕಾದವರ ಪಟ್ಟಿಯಲ್ಲಿ ಆರೋಗ್ಯ ಸಿಬ್ಬಂದಿಯನ್ನೂ ಇಟ್ಟಿವೆ. ಒಂದೇ ಪಾಳಿಯಲ್ಲಿ ನೀವು ಬಾಣಂತಿ ವಾರ್ಡಿಗೂ ಹೋಗುತ್ತೀರಿ, ದಮ್ಮಿನ ರೋಗಿಯ ಪಕ್ಕವೂ ನಿಲ್ಲುತ್ತೀರಿ. ಜ್ವರ ಶುರುವಾಗುವ ಹಿಂದಿನ ದಿನದಿಂದಲೇ ಫ್ಲೂ ಬೇರೆಯವರಿಗೆ ಅಂಟುತ್ತದೆ, ಆ ದಿನ ನೀವು ಡ್ಯೂಟಿಯಲ್ಲೇ ಇರುತ್ತೀರಿ. ಮತ್ತೊಂದು ಮಾತು. ನಿಮ್ಮ ಜ್ವರದ ಸುದ್ದಿ ವಾರ್ಡಿಡೀ ಹಬ್ಬಿತಲ್ಲ, ಈ ಸಲ ನೀವು ತಗೊಂಡು ಮಾರನೇ ದಿನ ಡ್ಯೂಟಿಗೆ ಬಂದರೆ ಆ ಸುದ್ದಿಯೂ ಅಷ್ಟೇ ಹಬ್ಬುತ್ತದೆ. ಆಸ್ಪತ್ರೆಯಲ್ಲಿ ಸುತ್ತೋಲೆಗಿಂತ ಜೊತೆಯವರ ಮಾತೇ ಹೆಚ್ಚು ನಡೆಯುತ್ತದೆ.

ಪ್ರಶ್ನೆ: ನನಗೀಗ ಆರು ತಿಂಗಳು. ತಾಯಿ ಕಾರ್ಡಿನಲ್ಲಿ ಟಿಡಿ ಇಂಜೆಕ್ಷನ್ ಮಾತ್ರ ಇದೆ, ಫ್ಲೂ ಅಂತ ಎಲ್ಲೂ ಇಲ್ಲ. ನೋಡುತ್ತಿರುವ ಡಾಕ್ಟರ್ ‘ಬೇಕಾದರೆ ಹಾಕಿಸಿಕೊಳ್ಳಿ’ ಅಂದರು. ಅತ್ತೆ ‘ಬೇಕಾದರೆ ಅಂದರೆ ಬೇಡ ಅಂತಲೇ ಅರ್ಥ’ ಅಂತಾರೆ. — ಓದುಗರು, ದಾವಣಗೆರೆ

ಉತ್ತರ: ಮೊದಲು ಆ ‘ಬೇಕಾದರೆ’ ಬಗ್ಗೆ. ನಾವು ಡಾಕ್ಟರುಗಳು ಆಡುವ ಮಾತುಗಳಲ್ಲಿ ಇದರಷ್ಟು ನಷ್ಟ ಮಾಡುವ ಮಾತು ಇನ್ನೊಂದಿಲ್ಲ. ಕಬ್ಬಿಣದ ಮಾತ್ರೆಯನ್ನು ಬೇಕಾದರೆ ನುಂಗಿ ಅಂತ ಯಾರೂ ಹೇಳುವುದಿಲ್ಲ. ನಿಮ್ಮ ಅತ್ತೆಯವರು ಅರ್ಥ ಮಾಡಿಕೊಂಡದ್ದು ತಪ್ಪಲ್ಲ, ಹೇಳಿದ ರೀತಿಯೇ ಹಾಗಿತ್ತು.

ಬೇಕು. ಹಾಕಿಸಿಕೊಳ್ಳಿ. ಹೊಟ್ಟೆ ಬೆಳೆದಂತೆ ಶ್ವಾಸಕೋಶಕ್ಕೆ ಜಾಗ ಕಡಿಮೆ, ಹೃದಯಕ್ಕೆ ಕೆಲಸ ಜಾಸ್ತಿ. ಆಗ ಫ್ಲೂ ಬಂದರೆ ಬೇರೆ ಹೆಂಗಸರಿಗಿಂತ ಬಸುರಿಯರಿಗೆ ತೀವ್ರವಾಗುತ್ತದೆ. 2009ರಲ್ಲಿ ಎಚ್1ಎನ್1 ಅನ್ನುವ ಹೊಸ ಫ್ಲೂ ಬಂದಾಗ ಪ್ರಪಂಚದ ಎಲ್ಲ ಕಡೆ ಡಾಕ್ಟರುಗಳು ಇದನ್ನು ಕಣ್ಣಾರೆ ಕಂಡರು. ಅದಾದ ಮೇಲೆ, 2012ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೇ ಮೊದಲ ಆದ್ಯತೆ ಅಂತ ಹೇಳಿತು. ಎಷ್ಟನೇ ತಿಂಗಳಲ್ಲಾದರೂ ಕೊಡಬಹುದು. ಸತ್ತ ವೈರಸ್ಸಿನದ್ದೇ ಲಸಿಕೆಯಾದ್ದರಿಂದ ಮಗುವಿಗೆ ಸೋಂಕು ತಗುಲುವ ಮಾತಿಲ್ಲ. ಮೂಗಿಗೆ ಹಾಕುವ ಜೀವಂತ ಲಸಿಕೆ ಮಾತ್ರ ಬಸುರಿಯರಿಗೆ ಬೇಡ.

ಅತ್ತೆಯವರಿಗೆ ಹೇಳುವುದಕ್ಕೆ ಇದನ್ನು ಇಟ್ಟುಕೊಳ್ಳಿ. ಹುಟ್ಟಿದ ಮಗುವಿಗೆ ಆರು ತಿಂಗಳು ತುಂಬುವ ತನಕ ಫ್ಲೂ ಲಸಿಕೆ ಕೊಡುವ ಹಾಗಿಲ್ಲ. ಆ ಆರು ತಿಂಗಳು ಮಗುವಿನ ಪಾಲಿಗೆ ಇರುವುದು ನಿಮ್ಮ ಮೈಯಿಂದ ಹೊಕ್ಕುಳಬಳ್ಳಿಯ ಮೂಲಕ ಹೋದ ರಕ್ಷಣೆ ಮಾತ್ರ. ನೀವು ಈಗ ಹಾಕಿಸಿಕೊಂಡರೆ ಮಗುವಿಗೂ ಹಾಕಿಸಿದ ಹಾಗೆಯೇ. ಮೊಮ್ಮಗುವಿಗೆ ಅಂದರೆ ಅತ್ತೆ ಬೇಡ ಅನ್ನಲಿಕ್ಕಿಲ್ಲ. ಅವರಿಗೂ ಅರವತ್ತೈದು ದಾಟಿದ್ದರೆ ಜೊತೆಗೇ ಕರೆದುಕೊಂಡು ಹೋಗಿ.

ಪ್ರಶ್ನೆ: ಮೇಡಂ, ನಮ್ಮಲ್ಲಿ ಮೆಡಿಕಲ್ ಶಾಪಿನಾಗ ಕೇಳಿದ್ರ ಹದಿನೈದು ನೂರು ರೂಪಾಯಿ ಮ್ಯಾಲ ಹೇಳಿದ್ರು. ಮನ್ಯಾಗ ನಾವಿಬ್ರೂ ವಯಸ್ಸಾದವರು. ಸರಕಾರಿ ದವಾಖಾನ್ಯಾಗ ಫ್ರೀ ಕೊಡೂದಿಲ್ಲೇನ್ರಿ? — ಓದುಗರು, ಕಲಬುರಗಿ

ಉತ್ತರ: ನಿಮ್ಮ ಪತ್ರಕ್ಕೆ ಸಮಾಧಾನದ ಉತ್ತರ ಕೊಡುವುದಕ್ಕೆ ಆಗುತ್ತಿಲ್ಲ, ಅದೇ ಬೇಸರ. ಮಕ್ಕಳಿಗೆ, ಬಸುರಿಯರಿಗೆ ಉಚಿತವಾಗಿ ಲಸಿಕೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಸೇರಿಲ್ಲ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಖಾಸಗಿಯಲ್ಲಿ ಕಂಪನಿಯ ಮೇಲೆ ಬೆಲೆ ಹೆಚ್ಚುಕಡಿಮೆ, ಸಾವಿರದ ಮೇಲೇ ಇರುತ್ತದೆ. ಅದೂ ವರ್ಷ ವರ್ಷ. ಇಬ್ಬರೂ ವಯಸ್ಸಾದವರಿರುವ ಮನೆಗೆ ಅದು ಸಣ್ಣ ಮೊತ್ತವಲ್ಲ, ನನಗೆ ಗೊತ್ತು.

ಆದರೆ ಸರ್ಕಾರ ಕೊಡುವುದಕ್ಕೆ ಆಗುವುದೇ ಇಲ್ಲ ಅಂತಲ್ಲ. ಹಜ್ ಯಾತ್ರೆಗೆ ಹೋಗುವವರಿಗೆ ಜಿಲ್ಲೆ ಜಿಲ್ಲೆಯಲ್ಲಿ ಶಿಬಿರ ಮಾಡಿ ಮೆದುಳು ಪೊರೆ ಉರಿಯೂತದ ಲಸಿಕೆ ಹಾಕುತ್ತಾರಲ್ಲ, ಅಲ್ಲೇ ಹಿರಿಯರಿಗೆ, ಕಾಯಿಲೆ ಇರುವವರಿಗೆ ಫ್ಲೂ ಲಸಿಕೆಯನ್ನೂ ಕೊಡುತ್ತಾರೆ. ಒಂದು ಹಾಲಿನಲ್ಲಿ ಮೇಜು, ಐಸ್ ಪೆಟ್ಟಿಗೆ, ಇಬ್ಬರು ಸಿಸ್ಟರ್. ಸಾಲಿನಲ್ಲಿ ಬಂದವರು ಹಾಕಿಸಿಕೊಂಡು ಹೋಗುತ್ತಾರೆ, ಯಾರೂ ತಕರಾರು ಮಾಡುವುದಿಲ್ಲ. ಪಕ್ಕದ ಮಹಾರಾಷ್ಟ್ರ 2015ರ ಎಚ್1ಎನ್1 ಹಾವಳಿಯ ಕಾಲದಲ್ಲಿ ಬಸುರಿಯರಿಗೆ, ಶುಗರ್ ಬಿಪಿ ಇರುವವರಿಗೆ ಉಚಿತವಾಗಿ ಕೊಡಲು ಶುರು ಮಾಡಿತು. ನಮ್ಮಲ್ಲೂ ಅರವತ್ತೈದು ದಾಟಿದವರಿಗೆ, ಶುಗರ್ ಮಾತ್ರೆಗೆ ಅಂತ ತಿಂಗಳು ತಿಂಗಳು ಸರ್ಕಾರಿ ಆಸ್ಪತ್ರೆಗೆ ಬರುವವರಿಗೆ, ಅದೇ ಕೌಂಟರಿನಲ್ಲಿ ವರ್ಷಕ್ಕೊಂದು ಸಲ ಕೊಡಬೇಕು. ಇದನ್ನು ನಾನು ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆಯುತ್ತೇನೆ. ನೀವೂ ನಿಮ್ಮ ಶಾಸಕರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಬರೆಯಿರಿ. ಬಾಯಿಬಿಟ್ಟು ಕೇಳದಿದ್ದರೆ ಇದು ಬೇಕಾದವರು ಇದ್ದಾರೆ ಅಂತ ಅವರಿಗೂ ಗೊತ್ತಾಗುವುದಿಲ್ಲ.

ಸದ್ಯಕ್ಕೆ: ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಆಗುವುದು ಅನ್ನುವಂತಿದ್ದರೆ ದಮ್ಮು, ಹೃದಯ, ಕಿಡ್ನಿ, ಶುಗರ್ ತೊಂದರೆ ಯಾರಿಗಿದೆಯೋ ಅವರಿಗೆ ಮೊದಲು ಹಾಕಿಸಿ.

ಪ್ರಶ್ನೆ: ಮೊದಲು ನಾಲ್ಕು ವೈರಸ್ಸಿನ ಲಸಿಕೆ ಅಂತ ಕೊಡುತ್ತಿದ್ದರು. ಈಗ ಮೂರರದ್ದು ಅಂತಾರೆ. ಒಂದನ್ನು ಕಡಿಮೆ ಮಾಡಿ ಮೋಸ ಮಾಡುತ್ತಿದ್ದಾರಾ? ಮತ್ತೆ, ಯಾವ ತಿಂಗಳು ಹಾಕಿಸಿಕೊಳ್ಳಬೇಕು? — ಓದುಗರು, ಶಿವಮೊಗ್ಗ

ಉತ್ತರ: ಮೋಸ ಅಲ್ಲ. ಎ ಗುಂಪಿನ ಎರಡು, ಬಿ ಗುಂಪಿನ ಎರಡು, ಹೀಗೆ ನಾಲ್ಕು ಇರುತ್ತಿದ್ದವು. ಬಿ ಗುಂಪಿನ ಯಮಗಾಟ ಅನ್ನುವ ಕವಲು 2020ರ ಮಾರ್ಚ್ ಆದ ಮೇಲೆ ಪ್ರಪಂಚದಲ್ಲಿ ಎಲ್ಲೂ ಖಚಿತವಾಗಿ ಸಿಕ್ಕಿಲ್ಲ. ಕೋವಿಡ್ ಕಾಲದ ಮಾಸ್ಕು, ಲಾಕ್‌ಡೌನ್ ನಡುವೆ ಅದು ಮಾಯವಾಯಿತು. ಇಲ್ಲದ ವೈರಸ್ಸಿಗೆ ಲಸಿಕೆ ಯಾಕೆ, ತೆಗೆದುಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಮೂರರದ್ದು ಸಿಕ್ಕರೂ ಸರಿ, ನಾಲ್ಕರದ್ದು ಸಿಕ್ಕರೂ ಸರಿ.

ತಿಂಗಳ ಪ್ರಶ್ನೆ ಮುಖ್ಯವಾದದ್ದು. ಇಂಗ್ಲೆಂಡ್, ಅಮೆರಿಕದಲ್ಲಿ ಫ್ಲೂ ಚಳಿಗಾಲದ ಕಾಯಿಲೆ. ನಮ್ಮಲ್ಲಿ ಅದು ಮಳೆಯ ಜೊತೆ ಬರುತ್ತದೆ. ಜೂನ್ ಕೊನೆಯಿಂದ ಏರಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಜೋರಾಗಿರುತ್ತದೆ. ಜನವರಿಯಿಂದ ಮಾರ್ಚ್ ನಡುವೆ ಇನ್ನೊಂದು ಅಲೆ ಬರುತ್ತದೆ. ಕಾಶ್ಮೀರದ ಕಡೆ ಮಾತ್ರ ಚಳಿಗಾಲದಲ್ಲೇ ಜಾಸ್ತಿ. ಹಾಗಾಗಿ ನಮ್ಮವರಿಗೆ ಏಪ್ರಿಲ್ ಕೊನೆ, ಮೇ ತಿಂಗಳು ಸರಿಯಾದ ಸಮಯ. ಮಳೆ ಹಿಡಿಯುವ ಮೊದಲು ಸೌದೆ ಒಳಗೆ ಹಾಕಿ, ಹಂಚು ಕೈಯಾಡಿಸುವ ಹೊತ್ತಿಗೆ ಇದನ್ನೂ ಮುಗಿಸಿಬಿಡಿ. ತಪ್ಪಿಹೋದರೆ ಜುಲೈನಲ್ಲಾದರೂ ಸರಿ, ಬಿಡಬೇಡಿ. ಲಸಿಕೆಯ ಬಲ ಆರು ತಿಂಗಳಲ್ಲಿ ಇಳಿಯುತ್ತಾ ಬರುತ್ತದೆ, ವೈರಸ್ಸೂ ವೇಷ ಬದಲಿಸುತ್ತಿರುತ್ತದೆ, ಅದಕ್ಕೇ ಪ್ರತಿ ವರ್ಷ ಬೇಕು.

ಹಾಕಿಸಿಕೊಳ್ಳುವ ಮೊದಲು ಡಬ್ಬಿಯನ್ನು ಕೈಗೆ ತೆಗೆದುಕೊಂಡು ನೋಡಿ. ಸಣ್ಣ ಪೆಟ್ಟಿಗೆ, ಒಳಗೆ ಒಂದೇ ಸಿರಿಂಜು, ಅರ್ಧ ಎಂ.ಎಲ್. ಔಷಧಿ. ಪೆಟ್ಟಿಗೆಯ ಮೇಲೆ ಯಾವ ವರ್ಷದ್ದು, ದಕ್ಷಿಣಾರ್ಧ ಗೋಳದ್ದೋ ಉತ್ತರಾರ್ಧ ಗೋಳದ್ದೋ ಅಂತ ಅಚ್ಚಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲಿ ಒಂದು ಪಟ್ಟಿ, ಸೆಪ್ಟೆಂಬರ್‌ನಲ್ಲಿ ಒಂದು ಪಟ್ಟಿ ಹೊರಡಿಸುತ್ತದೆ, ಅದರ ಪ್ರಕಾರ ತಯಾರಿಸುತ್ತಾರೆ. ನಾವಿರುವುದು ಉತ್ತರಾರ್ಧದಲ್ಲಾದರೂ ನಮ್ಮ ಫ್ಲೂ ಮಳೆಗಾಲದ್ದು, ಹಾಗಾಗಿ ಮೇ ತಿಂಗಳಲ್ಲಿ ನಿಮಗೆ ಬೇಕಾದದ್ದು ಆ ವರ್ಷದ ದಕ್ಷಿಣದ್ದು. ಹೋದ ವರ್ಷದ ಉಳಿಕೆ ಕೊಟ್ಟರೆ ಬೇಡ ಅನ್ನಿ. ಪೆಟ್ಟಿಗೆ ಫ್ರಿಜ್ಜಿನಿಂದಲೇ ಬರಬೇಕು, 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಔಷಧಿ ಅದು. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದರೂ ಕೆಟ್ಟಂತೆಯೇ. ಮೆಡಿಕಲ್ ಶಾಪಿನಿಂದ ತಂದು ಕೊಡುವುದಾದರೆ ಐಸ್ ಪ್ಯಾಕ್ ಇಟ್ಟುಕೊಂಡು ನೇರ ಕ್ಲಿನಿಕ್ಕಿಗೆ ಬನ್ನಿ, ಬಿಸಿಲಲ್ಲಿ ಗಾಡಿ ಡಿಕ್ಕಿಯಲ್ಲಿಟ್ಟು ಸಂತೆ ಮುಗಿಸಿ ಬರಬೇಡಿ.

ಪ್ರಶ್ನೆ: ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಅಕ್ಟೋಬರ್‌ಗೆ ನಾವಿಬ್ಬರೂ ಹೋಗಿ ಆರು ತಿಂಗಳು ಇರುತ್ತೇವೆ. ‘ಅಮ್ಮ, ಫ್ಲೂ ಇಂಜೆಕ್ಷನ್ ಮುಗಿಸಿಕೊಂಡೇ ಬನ್ನಿ’ ಅಂತ ದಿನಾ ಫೋನ್ ಮಾಡುತ್ತಾನೆ. ಅಲ್ಲಿ ಅಷ್ಟೊಂದು ದೊಡ್ಡ ವಿಷಯವಾ ಅದು? — ಓದುಗರು, ಬೆಂಗಳೂರು

ಉತ್ತರ: ಹೌದು, ದೊಡ್ಡ ವಿಷಯವೇ. ಅಲ್ಲಿ 65 ದಾಟಿದವರಿಗೆ ಸರ್ಕಾರದ್ದೇ ಖರ್ಚು. ಚಳಿಗಾಲಕ್ಕೆ ಮೊದಲೇ ಅವರ ಡಾಕ್ಟರ ಕಡೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ, ಬೀದಿ ಬದಿಯ ಔಷಧಿ ಅಂಗಡಿಯಲ್ಲೂ ಹಾಕುತ್ತಾರೆ. ಆ ವಯಸ್ಸಿನ ನಾಲ್ವರಲ್ಲಿ ಸುಮಾರು ಮೂವರು ಪ್ರತಿ ವರ್ಷ ಹಾಕಿಸಿಕೊಳ್ಳುತ್ತಾರೆ. ಅವರು ನಮಗಿಂತ ಬುದ್ಧಿವಂತರು ಅಂತ ಅಲ್ಲ. ಅಲ್ಲೂ ಬಸುರಿಯರಲ್ಲಿ ಅರ್ಧದಷ್ಟು ಜನವೂ ತಗೊಳ್ಳುತ್ತಿಲ್ಲ. ಹಿರಿಯರ ವಿಷಯದಲ್ಲಿ ಯಾರೋ ಒಬ್ಬರು ಹೆಸರು ಹಿಡಿದು ಕರೆಯುತ್ತಾರೆ, ಹತ್ತಿರದಲ್ಲೇ ಸಿಗುತ್ತದೆ, ದುಡ್ಡು ಕೇಳುವುದಿಲ್ಲ. ಅಷ್ಟಿದ್ದರೆ ಜನ ಬರುತ್ತಾರೆ.

ನೀವು ಹೊರಡುವ ಎರಡು ವಾರ ಮೊದಲು ಇಲ್ಲೇ ಹಾಕಿಸಿಕೊಳ್ಳಿ. ಉತ್ತರಾರ್ಧ ಗೋಳದ್ದು ಬಂದಿದೆಯಾ ಅಂತ ಡಾಕ್ಟರನ್ನು ಕೇಳಿ, ನಿಮಗೆ ಅದೇ ಬೇಕು. ಮೇ ತಿಂಗಳಲ್ಲೇ ಆಗಿದ್ದರೆ ಆ ಬಲ ಅಲ್ಲಿನ ಡಿಸೆಂಬರ್ ಹೊತ್ತಿಗೆ ಇಳಿದಿರುತ್ತದೆ, ಇನ್ನೊಂದು ಬೇಕಾ ಅಂತ ಕೇಳಿ ತೀರ್ಮಾನ ಮಾಡಿ. ಅಲ್ಲಿ ಹೋಗಿ ಹಾಕಿಸಿಕೊಂಡರಾಯಿತು ಅಂತ ಮುಂದೂಡಬೇಡಿ, ವಿಮಾನದಲ್ಲೇ ಹತ್ತು ಗಂಟೆ ನೂರಾರು ಜನರ ಜೊತೆ ಕೂರಬೇಕು.

ಪ್ರಶ್ನೆ: ನನ್ನ ಮೊಮ್ಮಗುವಿಗೆ ಅಂಗನವಾಡಿಯಲ್ಲಿ ಪೆಂಟಾ ಇಂಜೆಕ್ಷನ್ ಹಾಕಿದ್ದಾರೆ. ಅದರಲ್ಲಿ ಇನ್‌ಫ್ಲುಯೆಂಜಾದ್ದೂ ಇದೆ ಅಂತ ಕಾರ್ಡು ನೋಡಿ ಅಳಿಯ ಹೇಳಿದರು. ಹಾಗಾದರೆ ಫ್ಲೂ ಲಸಿಕೆ ಆದಂತೆಯೇ ಅಲ್ವಾ? — ಓದುಗರು, ಮಂಡ್ಯ

ಉತ್ತರ: ಅಲ್ಲ. ಹೆಸರು ತಂದಿಟ್ಟ ಗೊಂದಲ ಅದು. ಪೆಂಟಾದಲ್ಲಿರುವುದು ಹಿಬ್, ಪೂರ್ತಿ ಹೆಸರು ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ. ಅದು ಬ್ಯಾಕ್ಟೀರಿಯಾ, ಮಕ್ಕಳಿಗೆ ಮೆದುಳು ಜ್ವರ, ನ್ಯುಮೋನಿಯಾ ತರುತ್ತದೆ. 1892ರಲ್ಲಿ ಜರ್ಮನಿಯ ವಿಜ್ಞಾನಿ ರಿಚರ್ಡ್ ಫೈಫರ್ ಫ್ಲೂ ರೋಗಿಗಳ ಕಫದಲ್ಲಿ ಇದನ್ನು ಕಂಡು, ಫ್ಲೂ ಬರುವುದು ಇದರಿಂದಲೇ ಅಂದುಕೊಂಡರು. ಫ್ಲೂಗೆ ಕಾರಣ ವೈರಸ್ಸು ಅಂತ ಮನುಷ್ಯರಲ್ಲಿ ಖಚಿತವಾಗಿದ್ದು 1933ರಲ್ಲಿ. ಅಷ್ಟರಲ್ಲಿ ಹೆಸರು ನಿಂತುಹೋಗಿತ್ತು.

ಪ್ರಶ್ನೆ: ಕೋವಿಡ್ ಲಸಿಕೆ ಮೂರು ಡೋಸ್ ಆಗಿದೆ. ಅದೇ ಸಾಲದಾ? — ಓದುಗರು, ಉಡುಪಿ

ಉತ್ತರ: ಸಾಲದು. ಅದು ಬೇರೆ ವೈರಸ್ಸು, ಇದು ಬೇರೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಶುಂಠಿ, ಮೆಣಸು, ದೊಡ್ಡಪತ್ರೆ ಹಾಕಿ ಕಷಾಯ ಮಾಡುತ್ತೇವೆ. ಜ್ವರ ಜಾಸ್ತಿಯಾದರೆ ಅಂಗಡಿಯಿಂದ ಆಂಟಿಬಯಾಟಿಕ್ ಮೂರು ದಿನ. ಇಷ್ಟು ವರ್ಷ ಇದರಲ್ಲೇ ನಡೆದಿದೆ. — ಓದುಗರು, ಶಿರಸಿ

ಉತ್ತರ: ಕಷಾಯ ಕುಡಿಯಿರಿ, ನಾನೂ ಕುಡಿಯುತ್ತೇನೆ. ಗಂಟಲಿಗೆ ಹಿತ, ಮೈಗೆ ನೀರು ಸೇರುತ್ತದೆ. ಆಂಟಿಬಯಾಟಿಕ್ ಮಾತ್ರ ದಯವಿಟ್ಟು ಹಾಗೆ ತರಬೇಡಿ. ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ವೈರಸ್ಸನ್ನು ಏನೂ ಮಾಡುವುದಿಲ್ಲ. 2023ರ ಮಾರ್ಚ್‌ನಲ್ಲಿ ಊರೆಲ್ಲ ಕೆಮ್ಮುತ್ತಿದ್ದಾಗ ಭಾರತೀಯ ವೈದ್ಯಕೀಯ ಸಂಘವೇ ಡಾಕ್ಟರುಗಳಿಗೆ ಸೂಚನೆ ಕೊಟ್ಟಿತ್ತು, ಇಂಥ ಜ್ವರಕ್ಕೆ ಆಂಟಿಬಯಾಟಿಕ್ ಬರೆಯಬೇಡಿ ಅಂತ. ಫ್ಲೂಗೆ ಒಸೆಲ್ಟಾಮಿವಿರ್ ಅಂತ ಬೇರೆಯೇ ಮಾತ್ರೆ ಇದೆ. ಅದು ಚೆನ್ನಾಗಿ ಕೆಲಸ ಮಾಡಬೇಕಾದರೆ ಜ್ವರ ಶುರುವಾದ 48 ಗಂಟೆಯೊಳಗೆ ಶುರು ಮಾಡಬೇಕು. ನೀವು ಮೂರು ದಿನ ಅಂಗಡಿ ಮಾತ್ರೆ ನುಂಗಿ ನಾಲ್ಕನೇ ದಿನ ಡಾಕ್ಟರ ಹತ್ತಿರ ಬಂದರೆ ಆ ಸಮಯ ಕೈತಪ್ಪಿ ಹೋಗಿರುತ್ತದೆ. ವಯಸ್ಸಾದವರು, ಬಸುರಿಯರು, ಶುಗರ್ ದಮ್ಮು ಇರುವವರು ಜ್ವರ ಬಂದ ಮೊದಲ ದಿನವೇ ತೋರಿಸಿ. ಉಸಿರಾಡಲು ಕಷ್ಟ, ಎದೆ ನೋವು, ಮಾತು ತೊದಲುವುದು, ಇಳಿದ ಜ್ವರ ಮತ್ತೆ ಏರುವುದು, ಇವು ಕಂಡರೆ ರಾತ್ರಿಯಾಗಿದ್ದರೂ ಕಾಯಬೇಡಿ.

ಪ್ರಶ್ನೆ: ನಮ್ಮ ತಾಯಿ ಹೋದ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 71 ವರ್ಷ. ಮೊದಲಿಂದ ಉಬ್ಬಸ ಇತ್ತು. ಜ್ವರ ಬಂದು ಐದನೇ ದಿನಕ್ಕೆ ಐಸಿಯು. ಪರೀಕ್ಷೆಯಲ್ಲಿ ಎಚ್1ಎನ್1 ಅಂತ ಬಂತು. ಎರಡು ತಿಂಗಳಿಗೊಮ್ಮೆ ತಪ್ಪದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆವು. ಇಂಥ ಲಸಿಕೆ ಇದೆ ಅಂತ ನಮಗೆ ಯಾರೂ ಹೇಳಲೇ ಇಲ್ಲ. ನಿಮ್ಮ ಸಾಲು ಓದಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ. ನಮ್ಮಿಂದ ತಪ್ಪಾಯಿತಾ? — ಹೆಸರು ಬೇಡ

ಉತ್ತರ: ಇಲ್ಲ. ನಿಮ್ಮಿಂದ ತಪ್ಪಾಗಿಲ್ಲ. ಲಸಿಕೆ ಹಾಕಿಸಿದ್ದರೆ ಖಂಡಿತ ಉಳಿಯುತ್ತಿದ್ದರು ಅಂತ ಹೇಳಲು ಯಾರಿಗೂ ಆಗುವುದಿಲ್ಲ, ಅದು ಅಂಥ ಖಾತರಿ ಕೊಡುವ ಲಸಿಕೆಯಲ್ಲ. ಗೊತ್ತಿಲ್ಲದ್ದನ್ನು ಮಾಡಿಸಲಿಲ್ಲ ಅಂತ ನೀವು ನಿಮ್ಮನ್ನು ಬೈದುಕೊಳ್ಳಬೇಡಿ. ಹೇಳಬೇಕಾಗಿದ್ದವರು ನಾವು.

ನನ್ನದೇ ಒಂದು ವಿಷಯ ಹೇಳಬೇಕು. ನನ್ನ ಹತ್ತಿರ ಹದಿನೈದು ವರ್ಷದಿಂದ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಶುಗರ್ ಲೆಕ್ಕ ಬರೆಯಲು ಅಂತ ಅವರದೊಂದು ನೂರು ಪುಟದ ನೋಟ್‌ಬುಕ್ಕು, ಶಾಲೆಯ ಪುಸ್ತಕದ ಹಾಗೆ ಖಾಕಿ ಬೈಂಡು ಹಾಕಿ ಲೇಬಲ್ ಅಂಟಿಸಿದ್ದಾರೆ. ಸ್ಕೇಲಿನಲ್ಲಿ ಗೆರೆ ಎಳೆದ ಕಾಲಂಗಳು: ತಾರೀಖು, ಊಟಕ್ಕೆ ಮೊದಲು, ಊಟದ ನಂತರ, ಬಿಪಿ, ತೂಕ. ಕೆಲವು ವರ್ಷಗಳ ಹಿಂದೆ ಆಗಸ್ಟ್‌ನಲ್ಲಿ ಅವರಿಗೆ ಫ್ಲೂ ಆಗಿ ನ್ಯುಮೋನಿಯಾಕ್ಕೆ ತಿರುಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಎದ್ದು ಬಂದರು, ಆದರೆ ದಿನಾ ಕೆರೆ ಏರಿ ಮೇಲೆ ಎರಡು ಸುತ್ತು ನಡೆಯುತ್ತಿದ್ದವರು ಗೇಟಿನ ತನಕ ಬರುವುದಕ್ಕೂ ಕೋಲು ಹಿಡಿದರು. ಮತ್ತೆ ತೋರಿಸಲು ಬಂದ ದಿನ ಅವರು ಆ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಅವರು ತೂಕ ನೋಡಿಕೊಳ್ಳಲು ಹೋದಾಗ ನಾನು ಮೊದಲ ಪುಟದಿಂದ ತಿರುವಿದೆ. ಪ್ರತಿ ಪುಟದಲ್ಲೂ ನನ್ನ ಕೈಬರಹ. ಮಾತ್ರೆ ಹೆಚ್ಚಿಸಿದ್ದು, ಕಡಿಮೆ ಮಾಡಿದ್ದು, ಅನ್ನ ಕಡಿಮೆ ಮಾಡಿ, ಕಾಲು ನೋಡಿಕೊಳ್ಳಿ, ಕಣ್ಣು ಪರೀಕ್ಷೆ ಮಾಡಿಸಿ. ಫ್ಲೂ ಲಸಿಕೆ ಅನ್ನುವ ಮಾತು ಒಂದು ಕಡೆಯೂ ಇರಲಿಲ್ಲ. ಅವರು ಬೇಡ ಅಂದಿರಲಿಲ್ಲ. ನಾನು ಹೇಳಿರಲಿಲ್ಲ.

ದೇಶದಾದ್ಯಂತ 45 ದಾಟಿದವರನ್ನು ಮನೆ ಮನೆಗೆ ಹೋಗಿ ಮಾತಾಡಿಸಿದ ಲಾಸಿ ಅನ್ನುವ ದೊಡ್ಡ ಸಮೀಕ್ಷೆ 2017-18ರಲ್ಲಿ ನಡೆಯಿತು. ಫ್ಲೂ ಲಸಿಕೆ ಪಡೆದಿದ್ದೇವೆ ಅಂದವರು ನೂರಕ್ಕೆ ಇಬ್ಬರೂ ಇರಲಿಲ್ಲ. ನಮ್ಮ ದೇಶದಲ್ಲಿ ಶುಗರ್ ಇರುವವರೇ ಹತ್ತು ಕೋಟಿ. ಅವರಲ್ಲಿ ಎಷ್ಟೋ ಜನ ಯಾವುದೋ ಒಬ್ಬ ಡಾಕ್ಟರ ಮುಂದೆ ಮತ್ತೆ ಮತ್ತೆ ಕೂರುತ್ತಾರೆ. ನಮ್ಮ ಜನ ಲಸಿಕೆ ಅಂದರೆ ಓಡಿಹೋಗುವವರಲ್ಲ. ಪೋಲಿಯೊ ಭಾನುವಾರ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಾಲು ನಿಂತವರು ನಾವು. ದೊಡ್ಡವರಿಗೂ ಇದೆ ಅಂತ ಯಾರಾದರೂ ಎದುರು ಕೂತು, ‘ಬೇಕಾದರೆ’ ಅನ್ನದೆ, ಹೇಳಬೇಕಿತ್ತು.

ಮೇಷ್ಟ್ರ ಪುಸ್ತಕದಲ್ಲಿ ಈಗ ತೂಕದ ಪಕ್ಕ ಅವರೇ ಇನ್ನೊಂದು ಕಾಲಂ ಎಳೆದಿದ್ದಾರೆ. ಪ್ರತಿ ಮೇ ತಿಂಗಳ ಸಾಲಿನಲ್ಲಿ ಲಸಿಕೆ ಆಯಿತು ಅಂತ ಬರೆದು ನಾನು ಸಹಿ ಹಾಕುತ್ತೇನೆ. ಮಿಕ್ಕ ರೋಗಿಗಳಿಗೂ ಈಗ ಬಾಯಲ್ಲಿ ಹೇಳುವುದರ ಜೊತೆಗೆ ಚೀಟಿಯಲ್ಲೂ ಬರೆದು ಕೊಡುತ್ತೇನೆ.

ನಿಮ್ಮ ಪತ್ರದ ಕೊನೆಯಲ್ಲಿ ತಂದೆಯವರಿಗೆ 76, ಹೃದಯಕ್ಕೆ ಸ್ಟೆಂಟ್ ಹಾಕಿದೆ ಅಂತ ಬರೆದಿದ್ದೀರಿ. ಈಗ ಏಪ್ರಿಲ್. ಈ ವರ್ಷದ ಲಸಿಕೆ ಬಂದಿದೆಯಾ ಅಂತ ನಾಳೆಯೇ ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಅದೇ ಫೋನಿನಲ್ಲಿ ಕೇಳಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೂಜಿ ಚುಚ್ಚುವ ಮೊದಲು ಹೇಳಿ, ಆಮೇಲೆ ಎರಡು ನಿಮಿಷ ಹತ್ತಿ ಒತ್ತಿ ಹಿಡಿಯಬೇಕಾಗುತ್ತದೆ. ಆ ದಿನ ನೀವೂ ಜೊತೆಗೆ ಹೋಗಿ.